571201: ಮಡಿಕೇರಿಯ ಆರು ಅಂಕಿಗಳ ಒಳಗೆ

(ಮಡಿಕೇರಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಹಿರಿಯರಿಗೆ ನಮಸ್ಕಾರ. ಮಕ್ಕಳೇ, ಕೊಡೆ ಮಡಚಿ ಬಾಗಿಲ ಬಳಿ ಇಟ್ಟು ಬಂದಿರುವ ಎಲ್ಲರಿಗೂ ನಮಸ್ಕಾರ.

ಕಕ್ಕಡ ತಿಂಗಳ ಮಳೆಯಲ್ಲಿ ಗಣಿತದ ಮಾತು ಕೇಳಲು ಯಾರು ಬರುತ್ತಾರೆ ಎಂದು ನಾನು ಸಂಘಟಕರನ್ನು ಕೇಳಿದ್ದೆ. ‘ತೋಟಕ್ಕೆ ಹೋಗುವಂತಿಲ್ಲ, ಮನೆಯಲ್ಲಿ ಕರೆಂಟ್ ಇಲ್ಲ, ಬಂದೇ ಬರುತ್ತಾರೆ ಸರ್’ ಎಂದರು. ಅವರ ಲೆಕ್ಕ ಸರಿಯಾಗಿದೆ. ನನ್ನ ಲೆಕ್ಕವೂ ಸರಿಯಾಗಿದೆಯೇ ಎಂದು ನೋಡುವುದು ಇನ್ನು ನಿಮ್ಮ ಕೆಲಸ.

ಇಂದು ನಾನು ಒಂದೇ ಒಂದು ಸಂಖ್ಯೆಯ ಬಗ್ಗೆ ಮಾತನಾಡುತ್ತೇನೆ. ಅದನ್ನು ನೀವೆಲ್ಲ ನೂರಾರು ಸಲ ಬರೆದಿದ್ದೀರಿ. ಮದುವೆಯ ಕರೆಯೋಲೆಯ ಮೇಲೆ, ಬ್ಯಾಂಕಿನ ಅರ್ಜಿಯಲ್ಲಿ, ಮೊಬೈಲಿನಲ್ಲಿ ಸಾಮಾನು ತರಿಸುವಾಗ ವಿಳಾಸದ ಕೊನೆಯಲ್ಲಿ: 571201. ನಮ್ಮ ಮಡಿಕೇರಿಯ ಪಿನ್ ಕೋಡ್. ಐದು ಲಕ್ಷದ ಎಪ್ಪತ್ತೊಂದು ಸಾವಿರದ ಇನ್ನೂರ ಒಂದು ಎಂದು ಅದನ್ನು ಯಾರೂ ಓದುವುದಿಲ್ಲ. ‘ಐದು ಏಳು ಒಂದು, ಎರಡು ಸೊನ್ನೆ ಒಂದು’ ಎಂದು ಬಿಡಿಬಿಡಿಯಾಗಿ ಹೇಳುತ್ತೇವೆ. ಅಂದರೆ ನಮ್ಮ ಪಾಲಿಗೆ ಅದು ಸಂಖ್ಯೆಯೇ ಆಗಿಲ್ಲ, ಆರು ಅಂಕಿಗಳ ಒಂದು ಹೆಸರಾಗಿ ಉಳಿದುಬಿಟ್ಟಿದೆ.

ಹೆಸರಾಗಿ ಅದರ ಚರಿತ್ರೆ ಚಿಕ್ಕದು. 1972ರ ಆಗಸ್ಟ್ 15ರಂದು ದೇಶದಲ್ಲಿ ಪಿನ್ ಕೋಡ್ ಪದ್ಧತಿ ಬಂತು. ಅದನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದಲ್ಲಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತದ ಕವಿಯೂ ಹೌದು. ಮೊದಲ ಅಂಕಿ ದೇಶದ ವಲಯ, ಎರಡನೆಯದು ಉಪವಲಯ, ಮೂರನೆಯದು ಟಪಾಲು ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ಸಂಖ್ಯೆಯನ್ನು ಹಂಚಿದವರು ಟಪಾಲು ಚೀಲ ಎಲ್ಲಿಗೆ ಹೋಗಬೇಕು ಎಂದು ಯೋಚಿಸಿದರೇ ಹೊರತು ಅದರ ಅಪವರ್ತನಗಳನ್ನು ಯೋಚಿಸಿರಲಿಕ್ಕಿಲ್ಲ. ಹಾಗಿದ್ದರೂ ಒಂದು ಸಂಖ್ಯೆಯನ್ನು ಕೈಗೆ ಕೊಟ್ಟ ಮೇಲೆ ಅದರ ಗುಣಗಳೂ ಜೊತೆಗೇ ಬಂದುಬಿಡುತ್ತವೆ. ಮಗುವಿಗೆ ಹೆಸರಿಡುವುದು ನಾವು, ಅದರ ಸ್ವಭಾವ ನಮ್ಮನ್ನು ಕೇಳಿ ಬರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಓದಲು ಬೆಳಕು ಸಾಲದು, ಬರೆಯಲು ಕಿಟಕಿಯ ಬಳಿ ಕುಳಿತರೆ ಸಾಕು. ಹಳೆಯ ಕೂಲಿ ಲೆಕ್ಕದ ಪುಸ್ತಕವೊಂದರಲ್ಲಿ ಖಾಲಿ ಹಾಳೆಗಳಿದ್ದವು. ನಾನು ಈ ಸಂಖ್ಯೆಯನ್ನು ಭಾಗಿಸಲು ಕುಳಿತೆ.

ಶಾಲೆಯಲ್ಲಿ ಕಲಿತದ್ದನ್ನು ಒಮ್ಮೆ ನೆನಪಿಸಿಕೊಳ್ಳೋಣ. 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ, 1ಕ್ಕಿಂತ ದೊಡ್ಡ ಸಂಖ್ಯೆ ಅವಿಭಾಜ್ಯ. ಭಾಗವಾದರೆ ಸಂಯುಕ್ತ. ತೋಟದವರಿಗೆ ತೋಟದ ಭಾಷೆಯಲ್ಲೇ ಹೇಳುತ್ತೇನೆ. ನಿಮ್ಮ ಬಳಿ 12 ಕಾಫಿ ಸಸಿಗಳಿವೆ ಎನ್ನಿ. ಮೂರು ಸಾಲಿನಲ್ಲಿ ನಾಲ್ಕು ನಾಲ್ಕು ನೆಡಬಹುದು, ಎರಡು ಸಾಲಿನಲ್ಲಿ ಆರು ಆರು ನೆಡಬಹುದು. 13 ಸಸಿಗಳಿದ್ದರೆ? ಒಂದೇ ಸಾಲು. ಇನ್ನು ಹೇಗೆ ನೆಟ್ಟರೂ ಒಂದು ಕಡೆ ಸೊಟ್ಟಗಾಗುತ್ತದೆ. ಅವಿಭಾಜ್ಯ ಎಂದರೆ ಆಯತಾಕಾರದ ತೋಟಕ್ಕೆ ಒಗ್ಗದ ಸಂಖ್ಯೆ.

571201 ಯಾವ ಜಾತಿಗೆ ಸೇರಿದ್ದು? ಎಲ್ಲಿಯವರೆಗೆ ಭಾಗಿಸಿ ನೋಡಬೇಕು ಎಂಬುದು ಮೊದಲ ಪ್ರಶ್ನೆ. 755ರ ವರ್ಗ 570025, 756ರ ವರ್ಗ 571536. ನಮ್ಮ ಸಂಖ್ಯೆ ಇವೆರಡರ ನಡುವೆ ಇದೆ. ಅದು ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅವುಗಳಲ್ಲಿ ಒಂದಾದರೂ 755ರ ಒಳಗೆ ಇರಲೇಬೇಕು. ಆದ್ದರಿಂದ 755ರವರೆಗಿನ ಅವಿಭಾಜ್ಯ ಸಂಖ್ಯೆಗಳನ್ನಷ್ಟೇ ಪರೀಕ್ಷಿಸಿದರೆ ಸಾಕು. 2ರಿಂದ ಆರಂಭಿಸಿ 751ರವರೆಗೆ ಅಂಥವು 133 ಇವೆ. ಮೂರು ದಿನದ ಮಳೆಗೆ 133 ಭಾಗಾಕಾರ ಅಷ್ಟೇನೂ ಹೆಚ್ಚಲ್ಲ.

ಆರಂಭದಲ್ಲೇ ಒಂದು ತಮಾಷೆ ಕಾಣಿಸಿತು. ಎರಡರಿಂದ ಭಾಗಿಸಿದೆ, ಶೇಷ 1. ಮೂರರಿಂದ, ಶೇಷ 1. ಐದರಿಂದ, 1. ಏಳರಿಂದ, ಮತ್ತೆ 1. ಹನ್ನೊಂದು, ಹದಿಮೂರರಲ್ಲಿ ಬೇರೆ ಶೇಷ ಬಂತು. ಹದಿನೇಳಕ್ಕೆ ಬಂದರೆ ಮತ್ತೆ 1! ಯಾಕೆ ಹೀಗೆ? ಪಕ್ಕದ ಸಂಖ್ಯೆ 571200 ಅನ್ನು ಬಿಡಿಸಿ ನೋಡಿದರೆ ಗುಟ್ಟು ತಿಳಿಯುತ್ತದೆ. 571200 ಎಂದರೆ ಆರು ಎರಡುಗಳು, ಒಂದು ಮೂರು, ಎರಡು ಐದುಗಳು, ಒಂದು ಏಳು, ಒಂದು ಹದಿನೇಳು, ಇಷ್ಟರ ಗುಣಲಬ್ಧ. ಇವೆಲ್ಲವುಗಳಿಂದ ಸಲೀಸಾಗಿ ಭಾಗವಾಗುವ ಸಂಖ್ಯೆಗೆ ಒಂದು ಸೇರಿಸಿದರೆ ಶೇಷ ಒಂದೇ ಉಳಿಯಬೇಕಲ್ಲ! ಯೂಕ್ಲಿಡ್ ಸುಮಾರು 2300 ವರ್ಷಗಳ ಹಿಂದೆ ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂದು ಸಾಧಿಸಲು ಹೂಡಿದ್ದೂ ಇದೇ ಉಪಾಯ: ಗೊತ್ತಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ, ಒಂದು ಕೂಡಿಸಿ ನೋಡು.

ಸುಳ್ಳು ಹೇಳಲಾರೆ, ಎರಡನೆಯ ದಿನ ಬೇಸರ ಬಂತು. 89ರಿಂದ ಭಾಗಿಸಿದಾಗ ಶೇಷ 88 ಬಂದಿತ್ತು. ಇನ್ನೊಂದೇ ಒಂದು ಇದ್ದಿದ್ದರೆ ಮುಗಿದು ಹೋಗುತ್ತಿತ್ತು. 607ರಿಂದ ಭಾಗಿಸಿದಾಗ 14 ಉಳಿಯಿತು. 751ಕ್ಕೆ ಬಂದಾಗ ಶೇಷ 441. ಅಲ್ಲಿಗೆ ಮುಗಿಯಿತು. ಒಂದು ಸಲವೂ ಸೊನ್ನೆ ಬರಲಿಲ್ಲ. 571201 ಅವಿಭಾಜ್ಯ.

ಮಡಿಕೇರಿಯ ಪಿನ್ ಕೋಡಿನಷ್ಟು ಕಾಫಿ ಗಿಡಗಳನ್ನು ನೆಡಲು ಯಾರಾದರೂ ಹೊರಟರೆ ಒಂದೇ ಸಾಲಿನಲ್ಲಿ ನೆಡಬೇಕು. ಆರು ಅಡಿಗೆ ಒಂದರಂತೆ ನೆಟ್ಟರೆ ಸಾಲಿನ ಉದ್ದ ಸಾವಿರ ಕಿಲೋಮೀಟರ್ ದಾಟುತ್ತದೆ. ಒಂದೇ ಒಂದು ಗಿಡ ಕಡಿಮೆ ಮಾಡಿ, 571200 ಮಾಡಿಕೊಳ್ಳಿ, 84 ಬೇರೆ ಬೇರೆ ಆಯತಗಳಲ್ಲಿ ನೆಡಬಹುದು. ಅಕ್ಕಪಕ್ಕದ ಮನೆಗಳು, ಒಂದು ಯಾರೊಂದಿಗೂ ಸೇರದು, ಇನ್ನೊಂದರ ಅಂಗಳದಲ್ಲಿ ಸದಾ ಜನ.

ಇಷ್ಟಕ್ಕೆ ನಿಲ್ಲಿಸಿ ಚಹಾ ಕುಡಿಯಬಹುದಿತ್ತು. ಆದರೆ ಶೇಷಗಳ ಪಟ್ಟಿ ಕೈಯಲ್ಲಿತ್ತು. ಆ ಪಟ್ಟಿಯನ್ನು ಮತ್ತೊಮ್ಮೆ ನೋಡಿದಾಗ ಒಂದು ವಿಷಯ ಹೊಳೆಯಿತು. ಎಲ್ಲಾದರೂ ಶೇಷ 2 ಬಂದಿದ್ದರೆ, 571201ರಿಂದ ಎರಡು ಕಳೆದಾಗ ಸಿಗುವ 571199 ಆ ಸಂಖ್ಯೆಯಿಂದ ಭಾಗವಾಗುತ್ತಿತ್ತು. ಬೆರಳಿಟ್ಟುಕೊಂಡು ಒಂದೊಂದಾಗಿ ನೋಡಿದೆ. ಮೂರು ಕಡೆ 32 ಇತ್ತು, ಎರಡು ಕಡೆ 22 ಇತ್ತು, ಒಂದು ಕಡೆ 12 ಇತ್ತು. ಬರೀ 2 ಎಲ್ಲಿಯೂ ಇರಲಿಲ್ಲ. ಅಂದರೆ ಹೊಸದಾಗಿ ಒಂದೂ ಭಾಗಾಕಾರ ಮಾಡದೆ 571199 ಕೂಡ ಅವಿಭಾಜ್ಯ ಎಂದು ತಿಳಿಯಿತು. ಒಂದು ಕೂಲಿಗೆ ಎರಡು ಕೆಲಸ!

ಹೀಗೆ ನಡುವೆ ಒಂದೇ ಸಂಖ್ಯೆಯನ್ನಿಟ್ಟುಕೊಂಡು ಜೋಡಿಯಾಗಿ ನಿಲ್ಲುವ ಅವಿಭಾಜ್ಯಗಳಿಗೆ ಅವಳಿ ಅವಿಭಾಜ್ಯಗಳು ಎಂದು ಹೆಸರು. 3 ಮತ್ತು 5, 11 ಮತ್ತು 13, 17 ಮತ್ತು 19. ಸಣ್ಣ ಸಂಖ್ಯೆಗಳಲ್ಲಿ ಇವು ಹೆಜ್ಜೆಗೊಂದು ಸಿಗುತ್ತವೆ, ಮುಂದೆ ಹೋದಂತೆ ವಿರಳವಾಗುತ್ತವೆ. ನಮ್ಮ 571201ರ ಸುತ್ತಮುತ್ತ ಸರಾಸರಿ ಹದಿಮೂರು ಸಂಖ್ಯೆಗಳಿಗೆ ಒಂದು ಅವಿಭಾಜ್ಯ ಸಿಗುತ್ತದೆ. ಈ ಸರಾಸರಿಯ ನಿಯಮವನ್ನು ಗಾಸ್ ಹದಿಹರೆಯದಲ್ಲೇ ಊಹಿಸಿದ್ದ, 1896ರಲ್ಲಿ ಹದಮಾರ್ ಮತ್ತು ದ ಲಾ ವಲೇ ಪೂಸಾಂ ಬೇರೆ ಬೇರೆಯಾಗಿ ಸಾಧಿಸಿದರು. ಅವಿಭಾಜ್ಯವೇ ಅಷ್ಟು ಅಪರೂಪವಾಗಿರುವ ಜಾಗದಲ್ಲಿ ಅವಳಿ ಸಿಗುವುದು ಇನ್ನೂ ಅಪರೂಪ.

ಅವಳಿಗಳಿಗೆ ಕೊನೆಯಿದೆಯೇ? ಯಾರಿಗೂ ಗೊತ್ತಿಲ್ಲ. ಮಕ್ಕಳೇ, ಇದನ್ನು ಗಮನಿಸಿ: ಪ್ರಶ್ನೆ ಐದನೆಯ ತರಗತಿಯವರಿಗೂ ಅರ್ಥವಾಗುತ್ತದೆ, ಉತ್ತರ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. 2013ರಲ್ಲಿ ಅಮೆರಿಕದಲ್ಲಿದ್ದ ಯಿಟಾಂಗ್ ಜಾಂಗ್ ಎಂಬ, ಅಲ್ಲಿಯವರೆಗೆ ಹೆಚ್ಚು ಜನ ಹೆಸರೇ ಕೇಳಿರದ ಅಧ್ಯಾಪಕರು, ಏಳು ಕೋಟಿಗಿಂತ ಕಡಿಮೆ ಅಂತರದ ಅವಿಭಾಜ್ಯ ಜೋಡಿಗಳಿಗೆ ಕೊನೆಯಿಲ್ಲ ಎಂದು ಸಾಧಿಸಿದರು. ಏಳು ಕೋಟಿ ಎಲ್ಲಿ, ಎರಡು ಎಲ್ಲಿ ಎಂದು ನಗಬೇಡಿ. ಅದುವರೆಗೆ ಯಾವ ಮಿತಿಯೂ ಇರಲಿಲ್ಲ. ಬಳಿಕ ಉಳಿದವರು ಸೇರಿ ಆ ಏಳು ಕೋಟಿಯನ್ನು 246ಕ್ಕೆ ಇಳಿಸಿದರು. 246ರಿಂದ 2ಕ್ಕೆ ಇಳಿಯುವ ದಾರಿ ಇನ್ನೂ ತೆರೆದಿಲ್ಲ.

ಅವಳಿಗಳ ಬಗ್ಗೆ ಇನ್ನೊಂದು ಕತೆ ಹೇಳದೆ ಮುಂದೆ ಹೋಗಲಾರೆ. ‘ಈ ಕಾಲದಲ್ಲಿ ಕೈಯಲ್ಲಿ ಭಾಗಾಕಾರ ಮಾಡುವ ಹುಚ್ಚು ಯಾಕೆ, ಕಂಪ್ಯೂಟರ್ ಇದೆಯಲ್ಲ’ ಎಂದು ನನ್ನ ಮೊಮ್ಮಗಳು ಕೇಳಿದಾಗ ಅವಳಿಗೂ ಇದನ್ನೇ ಹೇಳಿದೆ. 1994ರಲ್ಲಿ ಥಾಮಸ್ ನೈಸ್ಲಿ ಎಂಬ ಅಮೆರಿಕದ ಗಣಿತದ ಪ್ರಾಧ್ಯಾಪಕರು ಅವಳಿ ಅವಿಭಾಜ್ಯಗಳ ವ್ಯುತ್ಕ್ರಮಗಳನ್ನು, ಅಂದರೆ ಒಂದನ್ನು ಆ ಸಂಖ್ಯೆಗಳಿಂದ ಭಾಗಿಸಿದಾಗ ಬರುವ ಬೆಲೆಗಳನ್ನು, ಕೂಡಿಸುತ್ತಿದ್ದರು. 824633702441 ಮತ್ತು ಅದರ ಜೋಡಿ 824633702443 ಬಂದಾಗ ಉತ್ತರ ತಪ್ಪಾಯಿತು. ತಿಂಗಳುಗಟ್ಟಲೆ ಹುಡುಕಿದರು. ತಪ್ಪು ಅವರದಾಗಿರಲಿಲ್ಲ, ಕಂಪ್ಯೂಟರಿನೊಳಗಿದ್ದ ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್ ಭಾಗಾಕಾರದಲ್ಲೇ ಎಡವುತ್ತಿತ್ತು. ಚಿಪ್ಪುಗಳನ್ನು ಬದಲಿಸಿಕೊಡಲು ಕಂಪನಿ 47.5 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಮೊಮ್ಮಗಳು ಒಪ್ಪಿದಳೋ ಇಲ್ಲವೋ, ಆದರೆ ಆ ಸಂಜೆ ನನ್ನ ಜೊತೆ ಕುಳಿತು ಹತ್ತು ಭಾಗಾಕಾರಗಳನ್ನು ಮತ್ತೆ ಮಾಡಿ ತಾಳೆ ನೋಡಿದಳು.

ನಮ್ಮ ಅವಳಿಗಳು ನೋಡಲು ಒಂದೇ, ಸ್ವಭಾವ ಬೇರೆ. 571201 ಅನ್ನು ನಾಲ್ಕರಿಂದ ಭಾಗಿಸಿದರೆ ಶೇಷ 1, 571199ಕ್ಕೆ ಶೇಷ 3. ಇಷ್ಟು ಸಣ್ಣ ವ್ಯತ್ಯಾಸದ ಹಿಂದೆ ಒಂದು ದೊಡ್ಡ ಪ್ರಮೇಯ ಇದೆ. 1640ರ ಡಿಸೆಂಬರ್ 25ರಂದು ಫ್ರಾನ್ಸಿನ ನ್ಯಾಯಾಧಿಕಾರಿ ಪಿಯರ್ ದ ಫರ್ಮಾ ತನ್ನ ಗೆಳೆಯ ಮರ್ಸೆನ್‌ಗೆ ಬರೆದ ಪತ್ರದಲ್ಲಿ ಹೇಳಿದ: ನಾಲ್ಕರಿಂದ ಭಾಗಿಸಿದಾಗ ಶೇಷ 1 ಉಳಿಯುವ ಪ್ರತಿ ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 5 ಎಂದರೆ 1 ಮತ್ತು 4. 13 ಎಂದರೆ 4 ಮತ್ತು 9. 29 ಎಂದರೆ 4 ಮತ್ತು 25. ಫರ್ಮಾ ಸಾಧನೆ ಕೊಡಲಿಲ್ಲ, ಕೊಡದಿರುವುದು ಅವನ ಅಭ್ಯಾಸ. ನೂರು ವರ್ಷದ ಬಳಿಕ ಆಯ್ಲರ್ ಸಾಧಿಸಿದ. ಶೇಷ 3 ಉಳಿಯುವವು ಮಾತ್ರ ಎಂದಿಗೂ ಹಾಗೆ ಒಡೆಯಲಾರವು. ಯಾವ ವರ್ಗವನ್ನು ನಾಲ್ಕರಿಂದ ಭಾಗಿಸಿದರೂ ಶೇಷ 0 ಅಥವಾ 1 ಮಾತ್ರ, ಅಂಥ ಎರಡನ್ನು ಕೂಡಿಸಿ 3 ಮಾಡುವುದು ಹೇಗೆ?

ಹಾಗಾದರೆ 571201ರ ಆ ಎರಡು ವರ್ಗಗಳು ಯಾವುವು? ಇದ್ದೇ ಇವೆ ಎಂದು ಪ್ರಮೇಯ ಹೇಳುತ್ತದೆ, ಎಲ್ಲಿವೆ ಎಂದು ಹೇಳುವುದಿಲ್ಲ. ಆನೆ ತೋಟದೊಳಗಿದೆ ಎಂದು ಅರಣ್ಯದವರು ಹೇಳಿದ ಹಾಗೆ. ಹುಡುಕುವ ಕ್ಷೇತ್ರವನ್ನು ಕಿರಿದು ಮಾಡಬೇಕು. ಐದರಿಂದ ಭಾಗಿಸಿದಾಗ ವರ್ಗಗಳ ಶೇಷ 0, 1 ಅಥವಾ 4 ಮಾತ್ರ. ನಮ್ಮ ಸಂಖ್ಯೆಯ ಶೇಷ 1. ಎರಡು ವರ್ಗಗಳನ್ನು ಕೂಡಿಸಿ 1 ಬರಬೇಕಾದರೆ ಒಂದರ ಶೇಷ 0, ಇನ್ನೊಂದರ ಶೇಷ 1 ಆಗಲೇಬೇಕು. ಆದ್ದರಿಂದ ಒಂದು ಸಂಖ್ಯೆ ಐದರ ಅಪವರ್ತ್ಯ. ಇನ್ನೂ ಒಂದು ಹೆಜ್ಜೆ ಹೋಗಿ 25ರಿಂದ ಭಾಗಿಸಿ ನೋಡಿದರೆ, ಇನ್ನೊಂದು ಸಂಖ್ಯೆ 25ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು ಅಥವಾ ಒಂದು ಕಡಿಮೆ ಇರಬೇಕು ಎಂದು ಸಿಗುತ್ತದೆ. 1, 24, 26, 49, 51, ಹೀಗೆ 751ರವರೆಗೆ. ಒಟ್ಟು 61 ಸಂಖ್ಯೆಗಳಷ್ಟೇ. ಏಳನೆಯ ಸುತ್ತಿನಲ್ಲಿ, 175ಕ್ಕೆ ಒಂದು ಕೂಡಿಸಿದಾಗ, ಸಿಕ್ಕಿಬಿತ್ತು. 176ರ ವರ್ಗ 30976. 735ರ ವರ್ಗ 540225. ಕೂಡಿಸಿ ನೋಡಿ, 571201.

ಗದ್ದೆಯ ಬದುವಿನ ಮೇಲೆ ಪೂರ್ವಕ್ಕೆ 735 ಹೆಜ್ಜೆ ಹೋಗಿ, ಅಲ್ಲಿಂದ ಉತ್ತರಕ್ಕೆ 176 ಹೆಜ್ಜೆ ಹೋಗಿ. ಹೊರಟ ಜಾಗಕ್ಕೆ ನೇರವಾಗಿ ಹಗ್ಗ ಎಳೆದರೆ ಆ ಹಗ್ಗದ ಉದ್ದದ ವರ್ಗವೇ ಮಡಿಕೇರಿ. ಉಳಿದ ಸುತ್ತುಗಳನ್ನೂ ನಾನು ಬಿಡದೆ ನೋಡಿದೆ. ಬೇರೆ ಜೋಡಿ ಸಿಗಲಿಲ್ಲ. ಸಿಗಬಾರದು ಕೂಡ, ಇನ್ನೊಂದು ಸಿಕ್ಕಿದ್ದರೆ ನನ್ನ 133 ಭಾಗಾಕಾರಗಳಲ್ಲಿ ಎಲ್ಲೋ ತಪ್ಪಿದೆ ಎಂದೇ ಅರ್ಥವಾಗುತ್ತಿತ್ತು. ಹೀಗೆ ಬೇರೆ ದಾರಿಯಲ್ಲಿ ಬಂದ ಉತ್ತರ ಹಳೆಯ ಉತ್ತರಕ್ಕೆ ಸಾಕ್ಷಿ ಹೇಳಿತು. ಅಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು.

ವರ್ಗಗಳ ಮಾತು ಬಂದಾಗ ನಮ್ಮವರೊಬ್ಬರನ್ನು ನೆನೆಯಬೇಕು. ಎರಡು ವರ್ಗಗಳ ಮೊತ್ತವಾಗಿರುವ ಎರಡು ಸಂಖ್ಯೆಗಳನ್ನು ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ. ಇದನ್ನು ಒಳಗೊಳ್ಳುವ ಸೂತ್ರ ಬ್ರಹ್ಮಗುಪ್ತನದು, ಕ್ರಿ.ಶ. 628. ಇನ್ನು ಕನ್ನಡ ನೆಲದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಸಂಖ್ಯಾಸ್ಥಾನಗಳನ್ನು ಇಪ್ಪತ್ತನಾಲ್ಕರವರೆಗೆ ಹೆಸರಿಟ್ಟು ಕರೆದ. ನಾವು ಕೋಟಿಗೆ ಸುಸ್ತಾಗುತ್ತೇವೆ. 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಗಣಿತ ಕನ್ನಡದಲ್ಲಿ ಆಗುವುದಿಲ್ಲ ಎನ್ನುವವರನ್ನು ಕಂಡಾಗ ನನಗೆ ಅವನ ನೆನಪಾಗುತ್ತದೆ.

ಇಷ್ಟು ಹೊತ್ತು ಮಡಿಕೇರಿಯನ್ನೇ ಹೊಗಳಿದೆ. ವಿರಾಜಪೇಟೆಯವರ ಮುಖ ನೋಡಿದರೆ ಮುಂದಿನ ಬಸ್ಸಿಗೆ ಎದ್ದು ಹೋಗುವ ಹಾಗಿದೆ. ನಿಮ್ಮದು 571218. ಅದು ಅವಿಭಾಜ್ಯವಲ್ಲ, ಆದರೆ ಸಮೃದ್ಧ. ಇದು ನನ್ನ ಉಪಚಾರದ ಮಾತಲ್ಲ, ಕ್ರಿ.ಶ. 100ರ ಸುಮಾರಿನ ನಿಕೊಮಾಕಸ್ ಮಾಡಿದ ವರ್ಗೀಕರಣ. ಒಂದು ಸಂಖ್ಯೆಯ ಭಾಜಕಗಳನ್ನು, ಅದನ್ನು ಬಿಟ್ಟು, ಕೂಡಿಸಿ ನೋಡಿ. ಮೊತ್ತ ಕಡಿಮೆಯಾದರೆ ನ್ಯೂನ ಸಂಖ್ಯೆ, ಸರಿಯಾದರೆ ಪರಿಪೂರ್ಣ, ಹೆಚ್ಚಾದರೆ ಸಮೃದ್ಧ. 6 ಪರಿಪೂರ್ಣ: 1, 2, 3 ಕೂಡಿದರೆ 6. ಅವಿಭಾಜ್ಯಗಳೆಲ್ಲ ನ್ಯೂನ, ಏಕೆಂದರೆ ಅವಕ್ಕೆ ಇರುವುದು 1 ಎಂಬ ಒಂದೇ ಭಾಜಕ. ಮಡಿಕೇರಿಯ ಕೈಯಲ್ಲಿ ಬರೀ ಒಂದು.

ಕಕ್ಕಡ ಪದಿನೆಟ್ಟ್ ದಿನ ಮದ್ದು ಸೊಪ್ಪಿನ ಪಾಯಸ ತಿನ್ನದವರು ಈ ಸಭೆಯಲ್ಲಿ ಇರಲಿಕ್ಕಿಲ್ಲ. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ಹದಿನೆಂಟರ ಭಾಜಕಗಳನ್ನು ಕೂಡಿಸಿ: 1, 2, 3, 6, 9. ಮೊತ್ತ 21. ಹದಿನೆಂಟನ್ನು ಮೀರಿತು, ಸಮೃದ್ಧ. ಔಷಧಿಯ ವಿಷಯ ವೈದ್ಯರು ಹೇಳಲಿ, ಸಂಖ್ಯೆಗೆ ನಾನು ಜವಾಬ್ದಾರ. ಹದಿನೆಂಟು ಆರರ ಮೂರು ಪಟ್ಟು. ಪರಿಪೂರ್ಣ ಸಂಖ್ಯೆಯನ್ನು ಎಷ್ಟು ಪಟ್ಟು ಮಾಡಿದರೂ ಬರುವುದು ಸಮೃದ್ಧ ಸಂಖ್ಯೆಯೇ. ವಿರಾಜಪೇಟೆಯೂ ಅದೇ ಮನೆತನದ್ದು: 571218 ಎಂದರೆ ಆರು ಸಲ 95203, ಆ 95203 ಅವಿಭಾಜ್ಯ. ಭಾಜಕಗಳನ್ನು ಸಾಲಾಗಿ ಬರೆಯಿರಿ: 1, 2, 3, 6, 95203, 190406, 285609. ಕೊನೆಯ ಮೂರು ಎಂದರೆ ಇಡೀ ಸಂಖ್ಯೆಯ ಆರನೆಯ ಒಂದು ಪಾಲು, ಮೂರನೆಯ ಒಂದು ಪಾಲು, ಅರ್ಧ. ಮೂವರು ಸೇರಿದರೆ ಆಸ್ತಿ ಪೂರ್ತಿಯಾಯಿತು, 571218. ಮೊದಲ ನಾಲ್ಕು ಮೇಲಿನ ಲಾಭ, ಹನ್ನೆರಡು. ಲಕ್ಷಗಟ್ಟಲೆ ವಹಿವಾಟಿನಲ್ಲಿ ಹನ್ನೆರಡು ರೂಪಾಯಿ ಲಾಭ ಮಾಡಿದ ವರ್ತಕನಂತೆ ವಿರಾಜಪೇಟೆ ಕೂದಲೆಳೆಯಲ್ಲಿ ಸಮೃದ್ಧವಾಗಿದೆ.

ಉಳಿದ ಊರುಗಳನ್ನು ಬೇಗ ಮುಗಿಸುತ್ತೇನೆ. ಕುಶಾಲನಗರದ 571234 ಎಂದರೆ 2, 17, 53, 317, ನಾಲ್ಕು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧ. ಸೋಮವಾರಪೇಟೆಯ 571236ರಲ್ಲಿ ಎರಡು ಎರಡುಗಳು, ಒಂದು 3, ಒಂದು 181, ಒಂದು 263. ಪೊನ್ನಂಪೇಟೆಯ 571216 ನಾಲ್ಕು ಸಲ ಅರ್ಧವಾಗುತ್ತದೆ, ಆಮೇಲೆ ಉಳಿಯುವುದು 19 ಮತ್ತು 1879. ಗೋಣಿಕೊಪ್ಪದ 571213 ಒಳ್ಳೆಯ ಮೋಸಗಾರ: ಬೆಸ, ಮೂರಕ್ಕಿಲ್ಲ, ಏಳಕ್ಕಿಲ್ಲ, ಅವಿಭಾಜ್ಯದ ಹಾಗೆ ಗಂಭೀರವಾಗಿ ನಿಂತಿರುತ್ತದೆ. ಹತ್ತನೆಯ ಅವಿಭಾಜ್ಯ 29ಕ್ಕೆ ಬಂದಾಗ ಬಾಯಿ ಬಿಡುತ್ತದೆ, 29 ಸಲ 19697.

ಆದರೆ ಭಾಗಮಂಡಲದ ಬಳಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. 571247.

ಇದನ್ನೂ ನಾನು ಸಣ್ಣ ಅವಿಭಾಜ್ಯಗಳಿಂದ ಭಾಗಿಸುತ್ತಾ ಹೋಗಿದ್ದರೆ ಅರ್ಧ ದಿನ ಹೋಗುತ್ತಿತ್ತು. ಅದೇ ಫರ್ಮಾ ಇನ್ನೊಂದು ಉಪಾಯ ಹೇಳಿಕೊಟ್ಟಿದ್ದಾನೆ. ಸಂಖ್ಯೆಗಿಂತ ದೊಡ್ಡದಾದ ಮೊದಲ ವರ್ಗವನ್ನು ತೆಗೆದುಕೊಂಡು, ಅದರಿಂದ ಸಂಖ್ಯೆಯನ್ನು ಕಳೆದು, ಉಳಿದದ್ದು ವರ್ಗವೇ ಎಂದು ನೋಡುವುದು. ಅಲ್ಲವಾದರೆ ಮುಂದಿನ ವರ್ಗ. ಅವನೇ 2027651281 ಎಂಬ ಸಂಖ್ಯೆಯನ್ನು ಹನ್ನೆರಡನೆಯ ಪ್ರಯತ್ನಕ್ಕೆ 44021 ಮತ್ತು 46061 ಎಂದು ಒಡೆದು ತೋರಿಸಿದ್ದ. ನಮ್ಮದಕ್ಕೆ 756ರ ವರ್ಗ 571536ರಿಂದ 571247 ಕಳೆಯಿರಿ. 289. ಹದಿನೇಳರ ವರ್ಗ! ಮೊದಲ ಪ್ರಯತ್ನಕ್ಕೇ. ಎರಡು ವರ್ಗಗಳ ವ್ಯತ್ಯಾಸ ಎಂದರೆ ಮೊತ್ತ ಸಲ ವ್ಯತ್ಯಾಸ ಎಂದು ಎಂಟನೆಯ ತರಗತಿಯಲ್ಲಿ ಓದಿದ್ದೀರಿ. 756ಕ್ಕೆ 17 ಕೂಡಿಸಿದರೆ 773, ಕಳೆದರೆ 739. ಎರಡೂ ಅವಿಭಾಜ್ಯ. 571247 ಎಂದರೆ 739 ಸಲ 773, ಅಷ್ಟೇ, ಬೇರೇನಿಲ್ಲ.

ಸಂಗಮದ ಊರಿನ ಸಂಖ್ಯೆಯಲ್ಲಿ, ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಅವಿಭಾಜ್ಯಗಳು ಬಂದು ಸೇರಿವೆ. ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತವೆ, ಸುಜ್ಯೋತಿ ಗುಪ್ತಗಾಮಿನಿ. ಇಲ್ಲಿಯೂ 739 ಮತ್ತು 773 ಕಾಣುತ್ತವೆ, ಎರಡನ್ನೂ ಹೊರತೆಗೆದ 17 ಒಳಗೇ ಉಳಿಯುತ್ತದೆ. ದಯವಿಟ್ಟು ಇದನ್ನು ದೈವಸಂಕಲ್ಪ ಎಂದು ವಾಟ್ಸಾಪಿನಲ್ಲಿ ಹಾಕಬೇಡಿ. ಕಾಕತಾಳೀಯ. ಕಾಕತಾಳೀಯವನ್ನು ಕಂಡು ಖುಷಿಪಡುವುದಕ್ಕೆ ಅದನ್ನು ನಂಬಬೇಕಾಗಿಲ್ಲ.

ಈ ಉಪಾಯವನ್ನು ಮಡಿಕೇರಿಯ ಮೇಲೂ ಪ್ರಯೋಗಿಸಿದ್ದೆ, ಅವಿಭಾಜ್ಯ ಎಂದು ತಿಳಿಯುವ ಮೊದಲು. 757ರ ವರ್ಗದಿಂದ ಕಳೆದರೆ 1848. 43ರ ವರ್ಗ 1849, ಒಂದರಿಂದ ತಪ್ಪಿತು. 758ರಿಂದ 3363, 58ರ ವರ್ಗ 3364, ಮತ್ತೆ ಒಂದರಿಂದ. 760ರಿಂದ 6399, 80ರ ವರ್ಗ 6400. ಮೂರನೆಯ ಸಲವೂ ಒಂದರಿಂದ ತಪ್ಪಿದಾಗ ಸಿಟ್ಟು ಬಂದು ಪುಸ್ತಕ ಮುಚ್ಚಿದೆ. ಆಮೇಲೆ ತಿಳಿಯಿತು, ನಾನು ತಟ್ಟುತ್ತಿದ್ದದ್ದು ಪಕ್ಕದ ಮನೆಯ ಬಾಗಿಲು. ಆ ವರ್ಗಗಳೆಲ್ಲ 571200ಕ್ಕೆ ಸೇರಿದವು. 84 ಆಯತಗಳ ಆ ಮನೆಯಲ್ಲಿ ಎಲ್ಲಿ ತಟ್ಟಿದರೂ ಬಾಗಿಲು ತೆರೆಯುತ್ತದೆ.

ಭಾಗಮಂಡಲದ ಸಂಖ್ಯೆಯ ಜಾತಿಯೇ ಇಂದು ನಿಮ್ಮ ಮೊಬೈಲಿನ ಹಣಕಾಸನ್ನು ಕಾಯುವ ಬೀಗಗಳಲ್ಲಿ ಒಂದು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರು ರೂಪಿಸಿದ ಗೂಢಲಿಪಿಯಲ್ಲಿ ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನು ಊರಿಗೆಲ್ಲ ತೋರಿಸುತ್ತಾರೆ, ಆ ಎರಡನ್ನು ಮಾತ್ರ ಗುಟ್ಟಾಗಿಡುತ್ತಾರೆ. ಗುಣಿಸುವುದು ಸುಲಭ, ಒಡೆಯುವುದು ಕಷ್ಟ. ಅಷ್ಟರ ಮೇಲೇ ಬೀಗ ನಿಂತಿದೆ. ಸಾಮಾನ್ಯವಾಗಿ ಬಳಸುವ ಅಂಥ ಗುಣಲಬ್ಧಗಳಿಗೆ 617 ಅಂಕಿಗಳಿರುತ್ತವೆ. 250 ಅಂಕಿಗಳ ಒಂದನ್ನು 2020ರಲ್ಲಿ ಬಹಳಷ್ಟು ಕಂಪ್ಯೂಟರುಗಳನ್ನು ದುಡಿಸಿ ಒಡೆದಿದ್ದಾರೆ. ಎರಡು ಅವಿಭಾಜ್ಯಗಳು ಒಂದಕ್ಕೊಂದು ತೀರಾ ಹತ್ತಿರ ಇರಬಾರದು ಎಂಬ ನಿಯಮವೂ ಅಲ್ಲಿದೆ. ಯಾಕೆಂದು ಈಗಷ್ಟೇ ನೋಡಿದಿರಿ: ಭಾಗಮಂಡಲದ ಬೀಗ ಒಂದೇ ಏಟಿಗೆ ತೆರೆದುಕೊಂಡಿತು.

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯುವುದು, ಅದನ್ನು ಒಡೆಯುವುದಕ್ಕಿಂತ ಬಹಳ ಸುಲಭ ಎಂಬುದು ಈ ಕ್ಷೇತ್ರದ ದೊಡ್ಡ ಅಚ್ಚರಿ. ನನ್ನಂತೆ 133 ಸಲ ಭಾಗಿಸಬೇಕಾಗಿಲ್ಲ. 2002ರ ಆಗಸ್ಟಿನಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ, ಯಾವ ಊಹೆಯನ್ನೂ ಅದೃಷ್ಟವನ್ನೂ ನೆಚ್ಚದೆ ಬೇಗನೆ ತೀರ್ಪು ಕೊಡುವ ವಿಧಾನವನ್ನು ಕಂಡುಹಿಡಿದರು. ಆ ಇಬ್ಬರು ಹುಡುಗರು ಆಗಷ್ಟೇ ಪದವಿ ಮುಗಿಸಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತಿರುವ ಕಾಲೇಜಿನವರು ಇದನ್ನು ಕೇಳಿಸಿಕೊಂಡರೆ ಸಾಕು.

571201 ದೊಡ್ಡ ಸಂಖ್ಯೆಯೇ ಎಂದು ಯಾರೋ ಚೀಟಿ ಕಳಿಸಿದ್ದಾರೆ. ನನ್ನ ಕೈಗೆ ದೊಡ್ಡದು. 2024ರ ಅಕ್ಟೋಬರಿನಲ್ಲಿ ಸಿಕ್ಕ ಅವಿಭಾಜ್ಯಕ್ಕೆ 4,10,24,320 ಅಂಕಿಗಳಿವೆ. 2 ಅನ್ನು 13,62,79,841 ಸಲ ಬರೆದು ಗುಣಿಸಿ ಒಂದು ಕಳೆದರೆ ಅದು ಬರುತ್ತದೆ. ಪುಟಕ್ಕೆ ಮೂರು ಸಾವಿರ ಅಂಕಿಗಳಂತೆ ಅಚ್ಚು ಹಾಕಿದರೂ ಹದಿಮೂರು ಸಾವಿರ ಪುಟ ಮೀರುತ್ತದೆ. ಅದನ್ನು ಕಂಡುಹಿಡಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಅದರ ಮೇಲೆ ನಾನು ಪೆನ್ಸಿಲ್ ಆಡಿಸಲಾರೆ, ಅದರ ಶೇಷಗಳ ಪಟ್ಟಿ ನೋಡಿ ಅವಳಿಯನ್ನು ಹಿಡಿಯಲಾರೆ. ಆರು ಅಂಕಿಗಳದ್ದು ನನ್ನ ಹಳೆಯ ಕೂಲಿ ಪುಸ್ತಕದ ಏಳು ಪುಟಗಳಲ್ಲಿ ಪೂರ್ತಿ ಹಿಡಿಸಿತು.

ಆ ಪುಟಗಳ ಜೆರಾಕ್ಸ್ ಹಿಂದಿನ ಮೇಜಿನ ಮೇಲಿದೆ. ತಪ್ಪು ಸಿಕ್ಕರೆ ಗುರುತು ಹಾಕಿ ಕೊಡಿ. ನಾಪೋಕ್ಲಿನಿಂದ ಬಂದವರು ನಮ್ಮ ಊರನ್ನು ಬಿಟ್ಟಿರಿ ಎಂದು ಆಗಲೇ ಸನ್ನೆ ಮಾಡುತ್ತಿದ್ದರು, ಬೇಕೆಂದೇ ಬಿಟ್ಟಿದ್ದೇನೆ. ನಿಮ್ಮದು 571214. ಎರಡರಿಂದ ಹೋಗುತ್ತದೆ, ಏಳರಿಂದ ಹೋಗುತ್ತದೆ, ಉಳಿಯುವುದು 40801. ಅದರ ವರ್ಗಮೂಲ 202ಕ್ಕೆ ಕೂದಲೆಳೆಯಷ್ಟು ಕಡಿಮೆ, ಆದ್ದರಿಂದ 199ರವರೆಗೆ ನೋಡಿದರೆ ಸಾಕು, ಹೆಚ್ಚೆಂದರೆ 46 ಭಾಗಾಕಾರ. ಪೆನ್ಸಿಲ್ ಬೇಕಾದವರು ನನ್ನ ಬಳಿ ಬನ್ನಿ, ನಾಲ್ಕೈದು ಇವೆ.